ಹಿಂಗಣೆಯ ಗುಡಿಸಲು: ಗುರುಪೀಠವಿಲ್ಲದ ಒಂದು ಮಠದ ಕಥೆ

ಬಸವಾದಿ ಪ್ರಮಥರ ನಾಡಿನಲ್ಲಿ ಮಠವೆಂದೊಡನೆ ಗುರುಪೀಠ, ಗದ್ದುಗೆ, ದಾಸೋಹ ಮತ್ತು ಪ್ರಸಾದನಿಲಯಗಳು ಮನಸ್ಸಿಗೆ ಬರುತ್ತವೆ. ಆದರೆ ನೆರೆಯ ಮರಾಠಿ ನೆಲದಲ್ಲಿ, ಪುಣೆ ನಗರದ ಹೊರವಲಯದ ಹಿಂಗಣೆ ಎಂಬ ಹಳ್ಳಿಯಲ್ಲಿ, ಗುರುಪೀಠವಾಗಲಿ ಗದ್ದುಗೆಯಾಗಲಿ ಇಲ್ಲದ ಒಂದು ಮಠ 1908ರಲ್ಲಿ ಹುಟ್ಟಿತು. ಅದರ ಹೆಸರು ‘ನಿಷ್ಕಾಮ ಕರ್ಮ ಮಠ’. ಅದನ್ನು ಕಟ್ಟಿದವರು ಕಾವಿ ತೊಟ್ಟವರಲ್ಲ, ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಒಬ್ಬ ಗೃಹಸ್ಥರು. ಹೆಣ್ಣುಮಕ್ಕಳ ಶಾಲೆಯೊಂದನ್ನು ಮತ್ತು ಅವರು ವಾಸಿಸುವ ನಿಲಯವೊಂದನ್ನು ನಡೆಸುವುದಕ್ಕಾಗಿಯೇ ಆ ಮಠ ಹುಟ್ಟಿತೆಂಬುದು ಶರಣಧರ್ಮದ ಅನುಯಾಯಿಗಳು ಗಮನಿಸಬೇಕಾದ ಸಂಗತಿ.

ಆ ಗೃಹಸ್ಥರು ಧೋಂಡೋ ಕೇಶವ ಕರ್ವೆ. 1858ರ ಏಪ್ರಿಲ್ 18ರಂದು ಕೊಂಕಣದ ಶೇರವಲಿಯಲ್ಲಿ ಜನಿಸಿ, ಮುರುಡದಲ್ಲಿ ಬಡತನದ ನಡುವೆ ಬೆಳೆದು, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪದವಿ ಪಡೆದ ಅವರು 1891ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಅದೇ ವರ್ಷ ಪತ್ನಿ ರಾಧಾಬಾಯಿ ತೀರಿಕೊಂಡರು. ಆ ಕಾಲದ ರೂಢಿಯಂತೆ ವಿಧುರನೊಬ್ಬನು ಹತ್ತು ಹನ್ನೆರಡು ವರ್ಷದ ಬಾಲೆಯನ್ನು ಮದುವೆಯಾಗುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ವಿಧವೆಯನ್ನು ಮದುವೆಯಾಗುವುದಕ್ಕೆ ಮಾತ್ರ, 1856ರ ಕಾನೂನು ಒಪ್ಪಿಗೆ ಕೊಟ್ಟು ಮೂರು ದಶಕಗಳು ಕಳೆದಿದ್ದರೂ, ಇಡೀ ಜಾತಿಯೇ ಅಡ್ಡ ನಿಲ್ಲುತ್ತಿತ್ತು. ಕರ್ವೆಯವರು ಎರಡನೆಯ ದಾರಿಯನ್ನೇ ಹಿಡಿದರು. 1893ರಲ್ಲಿ ಅವರು ಮದುವೆಯಾದ ಗೋದೂಬಾಯಿ ಎಂಟನೆಯ ವಯಸ್ಸಿಗೇ ವಿಧವೆಯಾಗಿದ್ದವರು. ಮದುವೆಯ ನಂತರ ಆನಂದೀಬಾಯಿ ಎಂಬ ಹೆಸರು ಬಂದಿತಾದರೂ ಜನರ ಬಾಯಲ್ಲಿ ಅವರು ‘ಬಾಯಾ’ ಎಂದೇ ಉಳಿದರು. ಮುರುಡದ ಜನ ಕರ್ವೆ ಕುಟುಂಬಕ್ಕೆ ಬಹಿಷ್ಕಾರ ಹಾಕಿದರು. ನವದಂಪತಿಗಳು ಊರಿಗೆ ಬಂದರೆ ಅವರೊಡನೆ ಒಂದೇ ಜಮಖಾನೆಯ ಮೇಲೆ ಕೂರುವವರಿಲ್ಲದಂತಾಯಿತು. (ನಮ್ಮ ಸಮಾಜದ ಅನೇಕ ಪಂಗಡಗಳಲ್ಲಿ ಉಡಿಕೆಯ ಪದ್ಧತಿ ಬಹುಕಾಲದಿಂದ ಬಳಕೆಯಲ್ಲಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಉಡಿಕೆಯಾದವಳಿಗೆ ಮಂಗಲಕಾರ್ಯಗಳಲ್ಲಿ ಎಂತಹ ಸ್ಥಾನ ದೊರೆಯುತ್ತಿತ್ತೆಂಬುದನ್ನೂ ಮರೆಯಬಾರದು.)

ಗೋದೂಬಾಯಿಯವರಿಗೆ ಅಕ್ಷರ ಕಲಿಸಿದ ಶಾಲೆಯ ಮೂಲ ಕನ್ನಡ ನಾಡಿನ ಕಾಡಿಗೆ ತಲಪುತ್ತದೆ. ಅದು ಪಂಡಿತಾ ರಮಾಬಾಯಿಯವರ ಶಾರದಾ ಸದನ. ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಅದೂ ಕರ್ವೆಯವರು ಹುಟ್ಟಿದ ಐದೇ ದಿನಗಳ ನಂತರ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಪಂಡಿತರ ವಿರೋಧವನ್ನು ಎದುರಿಸಿ, ಆ ಕಾಡಿನ ನಡುವೆ ಮನೆ ಮಾಡಿದ್ದರು. ಆ ಮನೆಯ ಮಗಳು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನಕ್ಕೆ ಸೇರಿದ ಮೊಟ್ಟಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಮರುವರ್ಷ ಸದನ ಪುಣೆಗೆ ಬಂತು. ಆದರೆ ರಮಾಬಾಯಿ ಕ್ರೈಸ್ತಮತ ಸ್ವೀಕರಿಸಿದ್ದವರು. ಸದನದ ಬಾಲಿಕೆಯರು ಅದೇ ಮತದತ್ತ ಒಲಿಯುತ್ತಿದ್ದಾರೆಂಬ ಆಕ್ಷೇಪ ಎದ್ದು, 1893ರಲ್ಲಿ ರಾನಡೆ, ಭಾಂಡಾರಕರರಂತಹ ಸಲಹೆಗಾರರು ಹಿಂದೆ ಸರಿದರು. ಅನೇಕ ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅಂತಹ ಬಾಲವಿಧವೆಯರಿಗೆ ಓದುವುದಕ್ಕೆ ಬೇರೊಂದು ನೆಲೆ ಬೇಕಾಗಿತ್ತು. ಆ ನೆಲೆಯನ್ನು ಒದಗಿಸಲೆಂದು ಕರ್ವೆಯವರು 1896ರಲ್ಲಿ ಅನಾಥ ಬಾಲಿಕಾಶ್ರಮದ ಸಂಸ್ಥೆಯನ್ನು ಸ್ಥಾಪಿಸಿದರು.

ಅದೇ ಹೊತ್ತಿಗೆ ಪ್ಲೇಗು ಮುಂಬಯಿಯಿಂದ ಪುಣೆಗೆ ಹಬ್ಬಿತು. ನಗರದ ಬಾಡಿಗೆ ಮನೆಯಲ್ಲಿ ಹುಡುಗಿಯರನ್ನು ಇಟ್ಟುಕೊಳ್ಳುವುದು ಅಪಾಯವಾಯಿತು. ಆಗ ರಾವ್ ಬಹದ್ದೂರ್ ಗಣೇಶ ಗೋವಿಂದ ಗೋಖಲೆ ಎಂಬ ಉದಾರಿಗಳು ಊರಾಚೆಯ ಹಿಂಗಣೆಯಲ್ಲಿ ಆರು ಎಕರೆ ನೆಲವನ್ನೂ, ಕಟ್ಟಡಕ್ಕೆಂದು 750 ರೂಪಾಯಿಗಳನ್ನೂ ನೀಡಿದರು. 1900ರಲ್ಲಿ ಆಶ್ರಮ ಅಲ್ಲಿಗೆ ಸಾಗಿತು. ಆ ನೆಲದ ಮೇಲೆ ಎದ್ದ ಮೊದಲ ಕಟ್ಟಡ ಒಂದು ಗುಡಿಸಲು.

ಇಂದಿನ ವಸತಿಶಾಲೆಗಳ ಪರಿಚಯಪತ್ರಿಕೆಗಳಲ್ಲಿ ತರಗತಿ ಕೋಣೆ, ಗ್ರಂಥಾಲಯ, ಪ್ರಯೋಗಶಾಲೆ, ಭೋಜನಶಾಲೆ, ಆಟದ ಬಯಲು, ಶುದ್ಧ ಕುಡಿಯುವ ನೀರು, ಬಸ್ಸಿನ ವ್ಯವಸ್ಥೆ ಎಂದು ಸೌಕರ್ಯಗಳ ಸಾಲನ್ನು ಓದಿ ರೂಢಿಯಾದವರಿಗೆ ಹಿಂಗಣೆಯ ಆರಂಭ ಒಂದು ಸೌಕರ್ಯವೆಂದು ತೋರಲಾರದು. ನಗರದಿಂದ ನಾಲ್ಕು ಮೈಲಿಯಷ್ಟು ದೂರ. ಮಳೆಗಾಲದಲ್ಲಿ ಕೆಸರು ತುಂಬುವ ದಾರಿ. ಫರ್ಗ್ಯುಸನ್ ಕಾಲೇಜಿನಲ್ಲಿ ದಿನದ ಪಾಠ ಮುಗಿಸಿದ ಗಣಿತದ ಅಧ್ಯಾಪಕರು ಆ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿ, ಆಶ್ರಮಕ್ಕೆ ಬೇಕಾದ ಸಾಮಾನುಗಳನ್ನು ತಾವೇ ಹೊತ್ತು ತಲಪಿ, ಅಲ್ಲಿ ಮತ್ತೆ ಪಾಠಕ್ಕೆ ಕೂರುತ್ತಿದ್ದರು. ಹೀಗೆ ಒಂದೆರಡು ತಿಂಗಳಲ್ಲ, ವರ್ಷಗಳ ಕಾಲ ನಡೆಯಿತು. ಸಿರಿವಂತ ದಾನಿಗಳು ಕಡಿಮೆ. ಕಾಲೇಜಿನ ರಜೆ ಬಂತೆಂದರೆ ಕರ್ವೆಯವರು ಊರೂರು ಅಲೆದು ಸಣ್ಣಪುಟ್ಟ ಮೊತ್ತಗಳನ್ನು ಕೂಡಿಸುತ್ತಿದ್ದರು. ತಮ್ಮ ಜೀವವಿಮೆಯ ಹಣವನ್ನು ಸಹ ಆಶ್ರಮಕ್ಕೇ ಬರೆದುಕೊಟ್ಟರು. ಬಂದ ಕಾಸು ಕಾಸಿಗೂ ಲೆಕ್ಕವಿಟ್ಟು ಪ್ರಕಟಿಸುವುದು ಅವರ ಕಟ್ಟುನಿಟ್ಟು.

ಆ ಲೆಕ್ಕದ ಶಿಸ್ತನ್ನು ಓದುವಾಗ ಶರಣರ ಕಥೆ ಬಲ್ಲವರಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರಳು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಆಕೆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸಿದಳು. ದಾಸೋಹಕ್ಕೆ ಬಂದ ವಸ್ತು ತನ್ನದಲ್ಲವೆಂಬ ಎಚ್ಚರ ಲಕ್ಕಮ್ಮನಿಗೂ ಇತ್ತು, ಹಿಂಗಣೆಯ ಅಧ್ಯಾಪಕರಿಗೂ ಇತ್ತು.

ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯುವುದು ತರವಲ್ಲ. ನಿಷ್ಕಾಮ ಕರ್ಮವೆಂಬ ಮಾತು ಗೀತೆಯ ಪರಂಪರೆಯದು. ಅಲ್ಲಿ ಒತ್ತು ಬೀಳುವುದು ಫಲತ್ಯಾಗದ ಮೇಲೆ. ಕಾಯಕದಲ್ಲಿ ಫಲವನ್ನು ತ್ಯಜಿಸುವುದಿಲ್ಲ. ಫಲ ಬರಲೇಬೇಕು, ಬಂದದ್ದು ಜಂಗಮಕ್ಕೆ ಸಲ್ಲಬೇಕು. ಇವೆರಡನ್ನೂ ಒಂದೇ ಎಂದು ಬರೆಯುವ ರೂಢಿ ಉಪನ್ಯಾಸಗಳಲ್ಲಿ ಬೆಳೆದಿದೆ. ಅದರಿಂದ ಎರಡೂ ತತ್ತ್ವಗಳಿಗೆ ಅನ್ಯಾಯವಾಗುತ್ತದೆ. ಕುತೂಹಲದ ಸಂಗತಿಯೆಂದರೆ, ತನ್ನ ಹೆಸರಿನಲ್ಲಿ ನಿಷ್ಕಾಮ ಕರ್ಮವನ್ನು ಹೊತ್ತ ಹಿಂಗಣೆಯ ಮಠ ನಡೆದದ್ದು ಮಾತ್ರ ಕಾಯಕದ ರೀತಿಯಲ್ಲಿ. ಜೀವನವನ್ನು ಸಂಸ್ಥೆಗೆ ಮೀಸಲಿಡುವುದಾಗಿ, ಸ್ವಂತ ಲಾಭ ಬಯಸದೆ ಮಠ ಮಾಡಿದ ಏರ್ಪಾಡಿನಲ್ಲೇ ತೃಪ್ತರಾಗಿರುವುದಾಗಿ ಅದರ ಸದಸ್ಯರು ವ್ರತ ತೊಡುತ್ತಿದ್ದರು. ಆ ಸದಸ್ಯರಲ್ಲಿ ಹೆಂಗಸರೂ ಇದ್ದರು, ಅದರಲ್ಲೂ ವಿಧವೆಯರು. ಮಂಗಲಕಾರ್ಯಕ್ಕೆ ಎದುರಾದರೆ ಅಪಶಕುನವೆಂದು ಬಗೆಯುತ್ತಿದ್ದ ಹೆಣ್ಣು ಒಂದು ಮಠದ ಸದಸ್ಯಳಾಗಿ ವ್ರತ ಹಿಡಿದಳು.

ಅಂತಹ ಹೆಂಗಸರಲ್ಲಿ ಪಾರ್ವತೀಬಾಯಿ ಆಠವಲೆಯವರ ಹೆಸರು ದೊಡ್ಡದು. ಅವರು ಬಾಯಾ ಅವರ ಅಕ್ಕತಂಗಿಯರಲ್ಲೊಬ್ಬರು. ಎಳೆಯ ವಯಸ್ಸಿನಲ್ಲೇ ಒಬ್ಬ ಮಗನೊಡನೆ ವಿಧವೆಯಾದವರು. ರೂಢಿಯಂತೆ ಕೇಶಮುಂಡನ ಮಾಡಿಸಿಕೊಂಡು ಆಶ್ರಮಕ್ಕೆ ಬಂದವರು. ಬಂದ ಮೇಲೆ ಅಕ್ಷರ ಕಲಿತು, ಆಶ್ರಮದ ಅಡುಗೆ ಮತ್ತು ಆಡಳಿತಗಳ ಹೊಣೆ ಹೊತ್ತು, ಕಡೆಗೆ ಊರೂರು ತಿರುಗಿ ಭಾಷಣ ಮಾಡಿ ಹಣ ಕೂಡಿಸುವ ಕೆಲಸಕ್ಕಿಳಿದರು. ಬಹಳ ವರ್ಷಗಳ ನಂತರ ತಾವಾಗಿಯೇ ನಿರ್ಧರಿಸಿ ಮುಂಡನವನ್ನು ನಿಲ್ಲಿಸಿ ಕೂದಲು ಬಿಟ್ಟರು. ಈ ನಿರ್ಧಾರ ಚಿಕ್ಕದೆಂದು ತೋರಬಹುದು, ಆದರೆ ಆ ದಿನಗಳ ಬ್ರಾಹ್ಮಣ ಸಮಾಜದಲ್ಲಿ ಅದು ಗೋಡೆಯೊಂದನ್ನು ಕೆಡವಿದಂತೆ. 1918ರಲ್ಲಿ, ನಲವತ್ತರ ಗಡಿ ದಾಟಿದ ಮೇಲೆ, ಇಂಗ್ಲಿಷ್ ಅಲ್ಪಸ್ವಲ್ಪ ಮಾತ್ರ ತಿಳಿದಿದ್ದ ಈ ಹೆಂಗಸು ಒಬ್ಬಂಟಿಯಾಗಿ ಅಮೆರಿಕೆಗೆ ಹೋದರು. ಅಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದುಕೊಳ್ಳುತ್ತ ಭಾಷೆ ಕಲಿತು, ಆಶ್ರಮಕ್ಕಾಗಿ ಹಣ ಕೂಡಿಸಿ 1920ರಲ್ಲಿ ಮರಳಿದರು. ಆಶ್ರಮದ ಕಟ್ಟಡಗಳ ಇಟ್ಟಿಗೆಗಳಲ್ಲಿ ಪರದೇಶದ ಪಾತ್ರೆ ತೊಳೆದ ಕೈಗಳ ಬೆವರೂ ಸೇರಿದೆ.

ಆಶ್ರಮದಲ್ಲಿ ಓದಿದವರು ಯಾರು ಎಂಬುದನ್ನು ಕಟ್ಟಡಗಳ ಬೆಳವಣಿಗೆಯ ಜೊತೆಗೇ ನೋಡಬೇಕು. ಮೊದಲು ಬಂದವರು ವಿಧವೆಯರು. ಅವರನ್ನು ಶಿಕ್ಷಕಿಯರನ್ನಾಗಿಯೋ ದಾದಿಯರನ್ನಾಗಿಯೋ ಮಾಡಿ ತಮ್ಮ ಕಾಲ ಮೇಲೆ ನಿಲ್ಲಿಸುವುದು ಉದ್ದೇಶ. ಆದರೆ ಗಾಯವಾದ ಮೇಲೆ ಮದ್ದು ಹಚ್ಚುವುದಕ್ಕಿಂತ ಗಾಯವಾಗದಂತೆ ಕಾಯುವುದು ಮೇಲೆಂದು ಕರ್ವೆಯವರಿಗೆ ತೋರಿತು. ಹುಡುಗಿ ಶಾಲೆಯಲ್ಲಿ ಇದ್ದಷ್ಟು ವರ್ಷ ಮದುವೆ ಮುಂದೆ ಹೋಗುತ್ತದೆ. ಮದುವೆ ಮುಂದೆ ಹೋದಷ್ಟೂ ಬಾಲವೈಧವ್ಯ ಕಡಿಮೆಯಾಗುತ್ತದೆ. ಈ ನೇರ ಲೆಕ್ಕದ ಮೇಲೆ 1907ರಲ್ಲಿ ಅವಿವಾಹಿತ ಬಾಲಿಕೆಯರಿಗಾಗಿ ಮಹಿಳಾ ವಿದ್ಯಾಲಯ ಆರಂಭವಾಯಿತು. ಮೊದಲು ಪುಣೆಯಲ್ಲಿದ್ದ ಅದು ಮುಂದೆ ಹಿಂಗಣೆಯ ಆವರಣಕ್ಕೇ ಬಂತು. ಆಗ ಒಂದು ಕಳವಳ ಎದ್ದಿತು: ವಿಧವೆಯರೊಡನೆ ಕನ್ಯೆಯರನ್ನು ಒಂದೇ ಆವರಣದಲ್ಲಿ ಇರಿಸುವುದೇ? ಅಮಂಗಲವೆಂಬ ಭಾವನೆ ವಿದ್ಯಾವಂತರ ಮನೆಗಳಲ್ಲಿಯೂ ಬಲವಾಗಿದ್ದ ಕಾಲವದು. ಒಂದೇ ಬಾವಿ, ಒಂದೇ ಬಯಲು, ಒಂದೇ ಪಾಠಮಂದಿರದಲ್ಲಿ ಕೂಡಿ ಬಾಳಿದ ಹುಡುಗಿಯರೇ ಆ ಕಳವಳವನ್ನು ನಿಧಾನವಾಗಿ ಸವೆಸಿದರು. ಸೌಕರ್ಯವೆಂಬ ಮಾತಿಗೆ ಹಿಂಗಣೆಯಲ್ಲಿ ಇದ್ದ ನಿಜವಾದ ಅರ್ಥ ಇದೇ. ಆ ಆವರಣದೊಳಗೆ ಬೋಳು ತಲೆಯ ಹುಡುಗಿಯನ್ನು ಕಂಡು ಯಾರೂ ದಾರಿ ಬದಲಿಸುತ್ತಿರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ, ಆ ಹೊಸ್ತಿಲನ್ನು ದಾಟಲಾಗದೆ ಉಳಿದವರ ವಿಷಯವನ್ನೂ ಹೇಳಬೇಕು. ಶರಣರ ದೃಷ್ಟಿಯಿಂದ ನೋಡುವವರು ಅದನ್ನು ಮರೆಮಾಚಲಾಗದು.

ಆರಂಭದ ವರ್ಷಗಳಲ್ಲಿ ಆಶ್ರಮ ಬ್ರಾಹ್ಮಣ ವಿಧವೆಯರಿಗೆ ಸೀಮಿತವಾಗಿತ್ತು. ಅದೇ ಪುಣೆಯಲ್ಲಿ ಅರ್ಧ ಶತಮಾನದ ಹಿಂದೆ, 1848ರಲ್ಲಿ, ಜೋತಿಬಾ ಮತ್ತು ಸಾವಿತ್ರೀಬಾಯಿ ಫುಲೆ ದಂಪತಿಗಳು ಬಾಲಿಕೆಯರ ಶಾಲೆ ತೆರೆದು, ಮುಂದೆ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಬಾಗಿಲು ತೆರೆದಿದ್ದರು. ಆ ಅಳತೆಗೋಲಿನಿಂದ ನೋಡಿದರೆ ಹಿಂಗಣೆ ಹಿಂದೆ ಉಳಿದಿತ್ತು. ಕರ್ವೆಯವರ ಪರವಾಗಿ ಹೇಳಬಹುದಾದ ಮಾತೂ ಇದೆ. ಬಾಲವೈಧವ್ಯದ ಕ್ರೌರ್ಯ ಅತ್ಯಂತ ತೀವ್ರವಾಗಿದ್ದುದು ಮೇಲ್ಜಾತಿಯ ಮನೆಗಳಲ್ಲಿ. ಆ ಮನೆಗಳವರು ನಂಬಿ ಮಗಳನ್ನು ಕಳುಹಿಸಬೇಕಾದರೆ ಅವರ ಪಂಕ್ತಿಯ ನಿಯಮವನ್ನು ಮೀರುವಂತಿರಲಿಲ್ಲ. ವಾದ ಸರಿಯೆ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮನೆಗೂ ಮಧುವರಸನ ಮನೆಗೂ ಸಂಬಂಧ ಕೂಡಿದಾಗ ಶರಣರ ಮುಂದೆಯೂ ಇಂತಹದೇ ಲೆಕ್ಕಾಚಾರವಿತ್ತು. ಅವರು ಆ ಲೆಕ್ಕವನ್ನು ಮಾಡಲಿಲ್ಲ, ಅದಕ್ಕೆ ತೆತ್ತ ಬೆಲೆಯೂ ಎಲ್ಲರಿಗೂ ತಿಳಿದದ್ದು. ಕರ್ವೆಯವರು ಬದುಕಿದ್ದುದು ಇನ್ನೊಂದು ರೀತಿಯಲ್ಲಿ, ಹೆಜ್ಜೆ ಹೆಜ್ಜೆಯಾಗಿ. ಈ ಕೊರತೆ ಅವರ ಮನಸ್ಸಿನಲ್ಲಿ ಕೊರೆಯುತ್ತಲೇ ಇದ್ದಿರಬೇಕು. 1944ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಜಾತಿಭೇದ ನಿವಾರಣೆಗಾಗಿ ಅವರು ಸಮತಾ ಸಂಘವನ್ನು ಸ್ಥಾಪಿಸಿದರು.

ಎರಡನೆಯ ಸಂಗತಿ ಇನ್ನೂ ಹತ್ತಿರದ್ದು. ವಿಧವೆಯರ ಆಶ್ರಮವೆಂದರೆ ಮರುಮದುವೆಯ ಕಾರ್ಖಾನೆಯೆಂದು ಜನ ಶಂಕಿಸಬಾರದೆಂದು ಕರ್ವೆಯವರು ಪುನರ್ವಿವಾಹ ಚಳವಳಿಯ ಹುದ್ದೆಯನ್ನು ಬಿಟ್ಟು, ಎರಡು ಕೆಲಸಗಳನ್ನೂ ಬೇರೆಬೇರೆ ಮಾಡಿದರು. ಅದರ ಪರಿಣಾಮ ಅವರ ಮನೆಯೊಳಗೇ ಬಿದ್ದಿತು. ಪುನರ್ವಿವಾಹಿತೆಯೊಬ್ಬಳು ಆಶ್ರಮದಲ್ಲಿ ನೆಲೆಸಿ ಹುಡುಗಿಯರೊಡನೆ ಬಾಳುವುದನ್ನು ಆಗಿನ ದಾನಿಗಳೂ ಪೋಷಕರೂ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಆದುದರಿಂದ ಆಶ್ರಮದ ಮೊದಲ ವರ್ಷಗಳಲ್ಲಿ ಬಾಯಾ ಮಕ್ಕಳೊಡನೆ ಪುಣೆಯಲ್ಲಿಯೇ ಉಳಿದರು. ಗಂಡನ ಸಂಜೆಗಳು ಹಿಂಗಣೆಯ ದಾರಿಯಲ್ಲಿ ಕಳೆದವು, ಗಳಿಕೆ ಹಿಂಗಣೆಯ ಪೆಟ್ಟಿಗೆಗೆ ಸೇರಿತು. ಶಾರದಾ ಸದನದ ಮೊದಲ ವಿಧವಾ ವಿದ್ಯಾರ್ಥಿನಿಗೆ, ಆಕೆಯಂತಹವರಿಗಾಗಿಯೇ ಆಕೆಯ ಗಂಡ ಕಟ್ಟಿದ ಆವರಣದಲ್ಲಿ ವಾಸಕ್ಕೆ ಎಡೆಯಿರಲಿಲ್ಲ. ಆ ಪ್ರತ್ಯೇಕತೆಯಿಂದಲೇ ಆಶ್ರಮ ಉಳಿದು ಬೆಳೆಯಿತೆಂದು ಇತಿಹಾಸಕಾರರು ಹೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಅದು ನ್ಯಾಯವಾಯಿತೆಂದು ಒಪ್ಪುವುದು ಇನ್ನೂ ಕಷ್ಟ.

ನಮ್ಮ ಕಡೆಯ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಒಳಿತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಮೊದಲಾದ ಮಠಗಳು ಉಚಿತ ಪ್ರಸಾದನಿಲಯಗಳನ್ನು ನಡೆಸಿ ಸಾವಿರಾರು ಬಡಮಕ್ಕಳನ್ನು ಓದಿಸಿದವು. ಆ ಉಪಕಾರಕ್ಕೆ ಬೆಲೆ ಕಟ್ಟಲಾಗದು. ಆದರೆ ಆ ಪಂಕ್ತಿಗಳಲ್ಲಿ ಕುಳಿತವರು ಬಾಲಕರು. ಅಕ್ಕಮಹಾದೇವಿ, ಮುಕ್ತಾಯಕ್ಕ, ಸತ್ಯಕ್ಕ, ಲಕ್ಕಮ್ಮರ ಹೆಸರನ್ನು ಪ್ರತಿದಿನ ಪ್ರಾರ್ಥನೆಯಲ್ಲಿ ನೆನೆಯುವ ಪರಂಪರೆಯಲ್ಲಿಯೂ ಹೆಣ್ಣುಮಕ್ಕಳ ನಿಲಯಕ್ಕೆ ಅಡಿಗಲ್ಲು ಬೀಳುವುದಕ್ಕೆ ತಡವಾಯಿತು. ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ್ದು 1916ರಲ್ಲಿ. ಅದೇ ವರ್ಷ ಅದೇ ಮುಂಬಯಿ ಪ್ರಾಂತದ ಹಿಂಗಣೆಯಲ್ಲಿ ಮಹಿಳೆಯರಿಗಾಗಿಯೇ ಒಂದು ವಿಶ್ವವಿದ್ಯಾಲಯ ಆರಂಭವಾಗಿತ್ತು.

ಆ ವಿಶ್ವವಿದ್ಯಾಲಯದ ಕಲ್ಪನೆ ಬಂದದ್ದು ಒಂದು ಕಿರುಹೊತ್ತಗೆಯಿಂದ. ಕಾಶಿಯ ಶಿವಪ್ರಸಾದ ಗುಪ್ತರು ಕಳುಹಿಸಿದ ಆ ಹೊತ್ತಗೆಯಲ್ಲಿ 1901ರಲ್ಲಿ ಟೋಕಿಯೋದಲ್ಲಿ ಸ್ಥಾಪನೆಯಾದ ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ವಿವರವಿತ್ತು. 1915ರ ಡಿಸೆಂಬರಿನಲ್ಲಿ ಮುಂಬಯಿಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷಪೀಠದಿಂದ ಕರ್ವೆಯವರು ತಮ್ಮ ಯೋಜನೆಯನ್ನು ಮುಂದಿಟ್ಟರು. ಮರುವರ್ಷವೇ ಅದು ಕಾರ್ಯರೂಪಕ್ಕೆ ಬಂತು. ರಾಮಕೃಷ್ಣ ಗೋಪಾಲ ಭಾಂಡಾರಕರರು ಅದರ ಮೊದಲ ಕುಲಪತಿಗಳಾದರು. ಬೆರಳೆಣಿಕೆಯ ವಿದ್ಯಾರ್ಥಿನಿಯರಿದ್ದ ಕಾಲೇಜಿಗೆ ವಿಶ್ವವಿದ್ಯಾಲಯವೆಂಬ ಹೆಸರೇ ಎಂದು ನಕ್ಕವರು ಕಡಿಮೆಯಲ್ಲ. ಅಲ್ಲಿ ಪಾಠ ನಡೆದದ್ದು ಮಾತೃಭಾಷೆಯಲ್ಲಿ. ಇಂಗ್ಲಿಷ್ ಒಂದು ವಿಷಯವಾಗಿ ಇದ್ದಿತೇ ಹೊರತು ಮಾಧ್ಯಮವಾಗಿ ಅಲ್ಲ. ಸಂಸ್ಕೃತವನ್ನು ಬಿಟ್ಟು ಆಡುಮಾತಿನಲ್ಲಿ ಅನುಭಾವವನ್ನು ನುಡಿದ ಶರಣರ ಮಕ್ಕಳಿಗೆ ಈ ಆಯ್ಕೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯಲ್ಲಿ ಮರಾಠಿಯಲ್ಲಿ ಯೋಚಿಸುವ ಹುಡುಗಿ ತರಗತಿಯಲ್ಲಿಯೂ ಮರಾಠಿಯಲ್ಲಿಯೇ ಯೋಚಿಸಬಹುದಾಗಿತ್ತು.

1920ರಲ್ಲಿ ಮುಂಬಯಿಯ ಗಿರಣಿ ಮಾಲೀಕ ವಿಠ್ಠಲದಾಸ ಠಾಕರಸಿಯವರು 15 ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿದರು. ಅವರ ತಾಯಿ ನಾಥೀಬಾಯಿಯ ಹೆಸರು ವಿಶ್ವವಿದ್ಯಾಲಯಕ್ಕೆ ಬಂತು. ಮುಂದೆ ಅದರ ಕೇಂದ್ರ ಮುಂಬಯಿಗೆ ಹೋಯಿತು. ಹಿಂಗಣೆಯಲ್ಲಿ ಶಾಲೆಯೂ ವಸತಿಯೂ ಉಳಿದು ಬೆಳೆದವು. ಪುಣೆ ಬೆಳೆದು ಹಿಂಗಣೆಯನ್ನು ನುಂಗಿಕೊಂಡಿತು. ಆ ಪ್ರದೇಶಕ್ಕೆ ಈಗ ಕರ್ವೆನಗರವೆಂದೇ ಹೆಸರು. ಅನಾಥ ಬಾಲಿಕಾಶ್ರಮದ ಸಂಸ್ಥೆ ಮಹರ್ಷಿ ಕರ್ವೆ ಸ್ತ್ರೀ ಶಿಕ್ಷಣ ಸಂಸ್ಥೆಯಾಗಿದೆ. ಆವರಣದಲ್ಲಿ ಮಹಿಳಾಶ್ರಮ ಪ್ರೌಢಶಾಲೆಯಿದೆ, ವಸತಿನಿಲಯಗಳಿವೆ, 1991ರಲ್ಲಿ ಆರಂಭವಾದ ಮಹಿಳೆಯರ ಎಂಜಿನಿಯರಿಂಗ್ ಕಾಲೇಜೂ ಇದೆ. ನಿಲಯದಲ್ಲಿ ಉಳಿದು ಓದುವವರಿಗಿಂತ ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವ ಹುಡುಗಿಯರೇ ಈಗ ಹೆಚ್ಚು ಕಾಣುತ್ತಾರೆ. ಒಂದು ಕಾಲದಲ್ಲಿ ಕೆಸರಿನ ಹಾದಿಯಾಗಿದ್ದ ಕಡೆ ಅವರು ಬಸ್ಸಿನಿಂದಲೂ ಸ್ಕೂಟರುಗಳಿಂದಲೂ ಇಳಿಯುತ್ತಾರೆ. ಆ ಎಲ್ಲ ಕಟ್ಟಡಗಳ ನಡುವೆ ಮೊದಲ ಗುಡಿಸಲನ್ನು ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ಕರ್ವೆಯವರಿಗೆ 1958ರಲ್ಲಿ, ನೂರು ವರ್ಷ ತುಂಬಿದಾಗ, ಭಾರತರತ್ನ ಸಂದಿತು. 1962ರ ನವೆಂಬರ್ 9ರಂದು ಅವರು ತೀರಿಕೊಂಡರು. ಬಾಯಾ ಅದಕ್ಕೆ ಹನ್ನೆರಡು ವರ್ಷ ಮೊದಲೇ, 1950ರಲ್ಲಿ, ಕಣ್ಣು ಮುಚ್ಚಿದ್ದರು. ಎಂಟನೆಯ ವಯಸ್ಸಿನ ವೈಧವ್ಯದಿಂದ ಹಿಡಿದು ಹಿಂಗಣೆಯ ಹೊರಗೆ ಕಳೆದ ದಿನಗಳವರೆಗೆ ತಮ್ಮ ಬಾಳನ್ನು ಅವರು ಮರಾಠಿಯಲ್ಲಿ ಹೇಳಿಟ್ಟಿದ್ದಾರೆ. 1944ರಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ಅವರಿಟ್ಟ ಹೆಸರು ‘ಮಾಝೆ ಪುರಾಣ’, ಎಂದರೆ ‘ನನ್ನ ಪುರಾಣ’.